ಫ್ರಾಂಕ್‌ಫರ್ಟಿನ ಮೇಳದಲ್ಲಿ ಆಗ್ನೆಸ್ ಡ್ಯೂರರ್: ಒಂದು ಚಿತ್ರಮಳಿಗೆಯ ಇತಿಹಾಸ

ಕಲಾಮೇಳ ಎಂದೊಡನೆ ನಮ್ಮಲ್ಲಿ ಅನೇಕರ ಕಣ್ಣಮುಂದೆ ಬರುವುದು ಬೆಂಗಳೂರಿನ ಚಿತ್ರಸಂತೆ. ಜನವರಿ ತಿಂಗಳಲ್ಲಿ ಕರ್ನಾಟಕ ಚಿತ್ರಕಲಾ ಪರಿಷತ್ತು ಏರ್ಪಡಿಸುವ ಆ ಸಂತೆಯಂದು ಕುಮಾರಕೃಪಾ ರಸ್ತೆಯ ಇಕ್ಕೆಲಗಳೂ ಚಿತ್ರಗಳಿಂದ ತುಂಬುತ್ತವೆ. ಚಿತ್ರ ಬರೆದವರೂ ಕೊಳ್ಳುವವರೂ ನೇರವಾಗಿ ಎದುರುಬದುರಾಗುತ್ತಾರೆ. ಅಲ್ಲಿಗೆ ಹೋದವರು ಕಲಾವಿದರ ಹೆಸರನ್ನು ಕೇಳಿ ತಿಳಿಯುತ್ತಾರೆ. ಬಿಸಿಲಿನಲ್ಲಿ ಕುಳಿತು ಬೆಲೆ ಹೇಳುವ, ಚಿತ್ರವನ್ನು ಮುದುಡದಂತೆ ಸುತ್ತಿ ಕೊಡುವ, ಚಿಲ್ಲರೆ ಎಣಿಸುವ ತಾಯಿಯ, ಮಡದಿಯ, ತಮ್ಮನ ಹೆಸರನ್ನು ಕೇಳುವವರು ವಿರಳ. ಇತಿಹಾಸವೂ ಅವರನ್ನು ಹೆಚ್ಚಾಗಿ ಕೇಳಿಲ್ಲ. ಆದರೆ ನಾವು ಈಗ ನೆಲೆಸಿರುವ ಜರ್ಮನಿಯಲ್ಲಿ, 500 ವರ್ಷಗಳಿಗೂ ಹಿಂದೆ, ಗಂಡನ ಚಿತ್ರಗಳನ್ನು ಮೇಳಕ್ಕೆ ಒಯ್ದು ಮಾರಿದ ಒಬ್ಬ ಹೆಣ್ಣುಮಗಳ ವೃತ್ತಾಂತ ಪತ್ರಗಳಲ್ಲಿ, ಲೆಕ್ಕದ ಪುಸ್ತಕಗಳಲ್ಲಿ ಚದುರಿಕೊಂಡು ಉಳಿದಿದೆ. ಆಕೆಯ ಹೆಸರು ಆಗ್ನೆಸ್. ಗಂಡ ನ್ಯೂರೆಂಬರ್ಗ್ ನಗರದ ಆಲ್ಬ್ರೆಕ್ಟ್ ಡ್ಯೂರರ್.

ಮೊದಲು ಮೇಳದ ಮಾತು. 1240ರಲ್ಲಿ ಚಕ್ರವರ್ತಿ ಎರಡನೆಯ ಫ್ರೆಡ್ರಿಕ್ ಫ್ರಾಂಕ್‌ಫರ್ಟಿನ ಶರತ್ಕಾಲದ ಮೇಳಕ್ಕೆ ಹೋಗಿಬರುವವರಿಗೆಲ್ಲ ತನ್ನ ರಕ್ಷಣೆಯನ್ನು ಘೋಷಿಸಿದನು. 1330ರಲ್ಲಿ ಬವೇರಿಯದ ಲುಡ್ವಿಗ್ ಈಸ್ಟರ್ ಹಬ್ಬಕ್ಕೆ ಮುಂಚಿನ ಉಪವಾಸದ ಕಾಲದಲ್ಲಿ ಇನ್ನೊಂದು ಮೇಳ ನಡೆಸಲು ಅನುಮತಿಯಿತ್ತನು. ಹೀಗೆ ವರ್ಷಕ್ಕೆ ಎರಡು ಬಾರಿ ಮೈನ್ ನದಿಯ ದಡದಿಂದ ರೋಮರ್ ಚೌಕದವರೆಗೆ ಬಟ್ಟೆ, ಸಂಬಾರ ಪದಾರ್ಥ, ಲೋಹದ ಸಾಮಾನು, ದ್ರಾಕ್ಷಾರಸಗಳ ವ್ಯಾಪಾರ ನಡೆಯುತ್ತಿತ್ತು. ನೆರೆಯ ಮೈನ್ಸ್ ನಗರದಲ್ಲಿ ಗುಟೆನ್‌ಬರ್ಗ್ ಅಚ್ಚುಮೊಳೆಗಳ ಮುದ್ರಣವನ್ನು ನೆಲೆಗೊಳಿಸಿದ ಮೇಲೆ ಪುಸ್ತಕಗಳೂ ಅಚ್ಚುಚಿತ್ರಗಳೂ ಆ ಸರಕುಗಳ ಸಾಲಿಗೆ ಸೇರಿದವು. ಇಂದು ನಾವು ಅಕ್ಟೋಬರಿನಲ್ಲಿ ನೋಡಲು ಹೋಗುವ ಫ್ರಾಂಕ್‌ಫರ್ಟ್ ಪುಸ್ತಕಮೇಳದ ಬೇರು ಅಲ್ಲಿದೆ. ನ್ಯೂರೆಂಬರ್ಗಿನಿಂದ ಅಲ್ಲಿಗೆ 200 ಕಿಲೋಮೀಟರಿಗೂ ಹೆಚ್ಚಿನ ದಾರಿ. ಕಳ್ಳಕಾಕರ ಭಯವಿದ್ದುದರಿಂದ ವರ್ತಕರು ಗುಂಪುಗೂಡಿ, ಶಸ್ತ್ರಧಾರಿಗಳ ಬೆಂಗಾವಲಿನಲ್ಲಿ ಪ್ರಯಾಣ ಮಾಡುತ್ತಿದ್ದರು.

ಆಲ್ಬ್ರೆಕ್ಟ್ ಮತ್ತು ಆಗ್ನೆಸ್ ಅವರ ವಿವಾಹ 1494ರ ಜುಲೈ 7ರಂದು ನಡೆಯಿತು. ನಮ್ಮ ಅಜ್ಜ-ಅಜ್ಜಿಯರ ಮದುವೆಗಳಂತೆ ಅದೂ ಹಿರಿಯರು ಕುದುರಿಸಿದ ಸಂಬಂಧ. ಹಿತ್ತಾಳೆ ಕೆಲಸದಲ್ಲಿ ಹೆಸರಾಗಿದ್ದ ಹಾನ್ಸ್ ಫ್ರೈ ತನ್ನ ತಂದೆಯೊಡನೆ ಮಾತನಾಡಿ ಮಗಳನ್ನೂ ಅವಳ ಜೊತೆಗೆ 200 ಗುಲ್ಡನ್ ನಾಣ್ಯಗಳನ್ನೂ ಕೊಟ್ಟನೆಂದು ಡ್ಯೂರರ್ ತನ್ನ ವಂಶವೃತ್ತಾಂತದಲ್ಲಿ ಬರೆದಿಟ್ಟಿದ್ದಾನೆ. ಅದೇ ವರ್ಷ ಅವನು ಹೆಂಡತಿಯ ಒಂದು ಪುಟ್ಟ ರೇಖಾಚಿತ್ರವನ್ನು ಬರೆದನು. ಕೈಗೆ ಮುಖ ಆನಿಸಿ ಕುಳಿತ ಆ ತರುಣಿಯ ಚಿತ್ರದ ಕೆಳಗೆ ‘ನನ್ನ ಆಗ್ನೆಸ್’ ಎಂಬ ಅರ್ಥದ ಎರಡು ಪದಗಳಿವೆ. ಅದು ಈಗ ವಿಯೆನ್ನಾದ ಆಲ್ಬರ್ಟಿನಾ ಸಂಗ್ರಹಾಲಯದಲ್ಲಿದೆ.

ಡ್ಯೂರರನ ಹೆಸರು ಇಂದು ಅವನ ವರ್ಣಚಿತ್ರಗಳಿಂದ ಎಷ್ಟು ಪ್ರಸಿದ್ಧವೋ, ಅವನ ಮನೆಯ ಒಲೆ ಉರಿದದ್ದು ಬಹುಮಟ್ಟಿಗೆ ಅಚ್ಚುಚಿತ್ರಗಳಿಂದ. ಇದರ ಅರ್ಥಶಾಸ್ತ್ರ ಸರಳವಾದುದು. ವರ್ಣಚಿತ್ರವೊಂದಕ್ಕೆ ತಿಂಗಳುಗಟ್ಟಲೆ ದುಡಿದರೂ ಅದನ್ನು ಮಾರಬಹುದಾದದ್ದು ಒಂದೇ ಬಾರಿ, ಒಬ್ಬನೇ ಧಣಿಗೆ. ಮರದ ಹಲಗೆಯಲ್ಲೋ ತಾಮ್ರದ ತಗಡಿನಲ್ಲೋ ಒಮ್ಮೆ ಕೊರೆದ ಚಿತ್ರವನ್ನಾದರೋ ನೂರಾರು ಹಾಳೆಗಳ ಮೇಲೆ ಒತ್ತಿ ನೂರಾರು ಮಂದಿಗೆ ಮಾರಬಹುದು. ಫ್ರಾಂಕ್‌ಫರ್ಟಿನ ಶ್ರೀಮಂತ ವರ್ತಕ ಯಾಕೋಬ್ ಹೆಲ್ಲರ್ ಒಂದು ಬಲಿಪೀಠದ ಚಿತ್ರವನ್ನು 130 ಗುಲ್ಡನ್‌ಗಳಿಗೆ ಒಪ್ಪಿಸಿದ್ದಾಗ, ಕೆಲಸ ಬೆಳೆದಂತೆಲ್ಲ ಡ್ಯೂರರ್ 200 ಕೇಳಬೇಕಾಯಿತು. ಇಷ್ಟು ಸೂಕ್ಷ್ಮವಾಗಿ ಬಣ್ಣ ಹಾಕುತ್ತ ಕುಳಿತರೆ ಹೊಟ್ಟೆ ತುಂಬದು, ಕೊರೆಚಿತ್ರಗಳಿಗೇ ಅಂಟಿಕೊಂಡಿದ್ದರೆ ತಾನು 1,000 ಗುಲ್ಡನ್‌ಗಳಷ್ಟು ಹೆಚ್ಚು ಸ್ಥಿತಿವಂತನಾಗಿರುತ್ತಿದ್ದೆನು ಎಂಬ ಆಶಯವನ್ನು 1509ರಲ್ಲಿ ಅದೇ ಹೆಲ್ಲರನಿಗೆ ಬರೆದನು.

ಆದರೆ ನೂರಾರು ಹಾಳೆಗಳನ್ನು ಒತ್ತಿದ ಮಾತ್ರಕ್ಕೆ ಅವು ಕೊಳ್ಳುವವರ ಕೈ ಸೇರುವುದಿಲ್ಲ. ಇಲ್ಲಿಯೇ ಮಳಿಗೆಯ ಪ್ರಶ್ನೆ ಹುಟ್ಟುತ್ತದೆ. 1497ರಲ್ಲಿ ಡ್ಯೂರರ್ ಒಬ್ಬ ಆಳನ್ನು ವಾರದ ಕೂಲಿಗೆ ಗೊತ್ತುಮಾಡಿಕೊಂಡನು. ಊರಿಂದೂರಿಗೆ ಹೋಗಿ ಚಿತ್ರಗಳನ್ನು ಸಾಧ್ಯವಾದಷ್ಟು ಉತ್ತಮ ಬೆಲೆಗೆ ಮಾರುವುದು ಅವನ ಕರ್ತವ್ಯವೆಂದು ಕರಾರು. 1500ರಲ್ಲಿ ಇನ್ನೊಬ್ಬನ ನೇಮಕವಾಯಿತು. ಅವನ ಪರವಾಗಿ ಚಿತ್ರಕಾರನಾಗಿದ್ದ ಅವನ ಸಹೋದರನೇ ಜಾಮೀನು ನಿಂತನು. ಹೊರಗಿನವರ ಕೈಗೆ ಸರಕು ಕೊಡುವುದರಲ್ಲಿ ಎಷ್ಟು ಅಪಾಯವಿತ್ತೆಂಬುದಕ್ಕೆ ಡ್ಯೂರರನ ಟಿಪ್ಪಣಿಪುಸ್ತಕವೇ ಸಾಕ್ಷಿ. ಆಳೊಬ್ಬನು ರೋಮ್ ನಗರದಲ್ಲಿ ತೀರಿಕೊಂಡದ್ದನ್ನೂ, ಅವನೊಡನಿದ್ದ ಸರಕೆಲ್ಲ ನಷ್ಟವಾದದ್ದನ್ನೂ ಅವನು ಅದರಲ್ಲಿ ಬರೆದುಕೊಂಡಿದ್ದಾನೆ.

ಹೀಗಿರುವಾಗ ನಂಬಿಕೆಯ ವ್ಯಾಪಾರ ಮನೆಯವರ ಪಾಲಿಗೆ ಬಂದದ್ದು ಸಹಜ. 1505ರ ಕೊನೆಯ ಭಾಗದಲ್ಲಿ ಡ್ಯೂರರ್ ವೆನಿಸ್ ನಗರದಲ್ಲಿದ್ದನು. ಅಲ್ಲಿಂದ 1506ರ ಜನವರಿಯಲ್ಲಿ ಗೆಳೆಯ ವಿಲ್ಲಿಬಾಲ್ಡ್ ಪಿರ್ಕ್‌ಹೈಮರನಿಗೆ ಬರೆದ ಪತ್ರದಲ್ಲಿ ಮನೆಯ ಲೆಕ್ಕವನ್ನು ಒಪ್ಪಿಸುತ್ತಾನೆ: ಹೆಂಡತಿಗೆ ತಾನು ಕೊಟ್ಟದ್ದು 12 ಗುಲ್ಡನ್, ಆಕೆ ಫ್ರಾಂಕ್‌ಫರ್ಟಿನಲ್ಲಿ ಪಡೆದದ್ದು 13, ಒಟ್ಟು 25; ಆದ್ದರಿಂದ ಆಕೆಗೆ ಕೊರತೆಯಾಗದು. ಎಷ್ಟು ಚಿಕ್ಕ ವಾಕ್ಯ! ಆದರೆ ಗಂಡ ಪರದೇಶದಲ್ಲಿರುವಾಗ ಮನೆಗೆ ಬಿಟ್ಟುಹೋದ ಹಣಕ್ಕಿಂತ ಹೆಂಡತಿ ಮೇಳದ ಊರಿನಲ್ಲಿ ಪಡೆದ ಹಣವೇ ಒಂದು ಗುಲ್ಡನ್ ಹೆಚ್ಚು ಎಂಬುದು ಅದರಲ್ಲಿ ಅಡಗಿದೆ. ಅದೇ ವಸಂತದ ಇನ್ನೊಂದು ಪತ್ರದಲ್ಲಿ, ನ್ಯೂರೆಂಬರ್ಗಿನ ಪವಿತ್ರವಸ್ತುಗಳ ಉತ್ಸವದಲ್ಲಿ ಚಿತ್ರಗಳನ್ನು ಮಾರಲು ತನ್ನ ತಾಯಿಗೆ ನೆನಪಿಸುವಂತೆ ಕೋರುತ್ತಾನೆ. ಅಷ್ಟರಲ್ಲಿ ಹೆಂಡತಿಯೂ ಊರಿಗೆ ಮರಳಿರುವಳೆಂಬ ನಿರೀಕ್ಷೆ ಅವನದು. ಸಾಮ್ರಾಜ್ಯದ ಕಿರೀಟವನ್ನೂ ಪವಿತ್ರ ಅವಶೇಷಗಳನ್ನೂ ಈಸ್ಟರ್ ನಂತರ ಸಾರ್ವಜನಿಕರಿಗೆ ತೋರಿಸುವ ಆ ಉತ್ಸವಕ್ಕೆ ದೂರದೂರದಿಂದ ಯಾತ್ರಿಕರು ಬರುತ್ತಿದ್ದರು. ಜಾತ್ರೆಯಿದ್ದಲ್ಲಿ ಅಂಗಡಿ ಎಂಬುದು ಎಲ್ಲ ದೇಶಗಳಿಗೂ ಸಲ್ಲುವ ಮಾತು. 18 ಮಕ್ಕಳನ್ನು ಹೆತ್ತ ಆ ವೃದ್ಧೆ ಬಾರ್ಬರಾ ಮತ್ತು ಮಕ್ಕಳಿಲ್ಲದ ಸೊಸೆ ಆಗ್ನೆಸ್, ಇವರಿಬ್ಬರ ಮೇಲೆ ಯೂರೋಪಿನ ಒಬ್ಬ ಮಹಾಕಲಾವಿದನ ಮಾರಾಟ ನಿಂತಿತ್ತು.

ಮಾರಾಟದ ಕ್ರಮ ಹೇಗಿತ್ತೆಂಬುದಕ್ಕೆ ಡ್ಯೂರರನ ಪ್ರವಾಸದ ದಿನಚರಿ ನೆರವಾಗುತ್ತದೆ. 1520ರ ಜುಲೈಯಲ್ಲಿ ಅವನು ಆಗ್ನೆಸ್ ಮತ್ತು ಮನೆಗೆಲಸದ ಸುಸಾನಾ ಅವರೊಡನೆ ನೆದರ್‌ಲ್ಯಾಂಡ್ಸ್ ಪ್ರಾಂತಗಳಿಗೆ ಹೊರಟನು. ಹೊಸ ಚಕ್ರವರ್ತಿ ಐದನೆಯ ಚಾರ್ಲ್ಸ್‌ನಿಂದ ತನ್ನ ವಾರ್ಷಿಕ ವೇತನಕ್ಕೆ ಮತ್ತೆ ಒಪ್ಪಿಗೆ ಪಡೆಯುವುದು ಉದ್ದೇಶ. ಜೊತೆಗೆ ಅಚ್ಚುಚಿತ್ರಗಳ ಗಂಟುಗಳೂ ಹೋದವು. ಆಂಟ್‌ವರ್ಪ್ ನಗರದಲ್ಲಿ ಒಬ್ಬನೇ ಕೊಳ್ಳುಗನಿಗೆ ಮಾರಿದ ಲೆಕ್ಕವನ್ನು ನೋಡಿರಿ: ಪೂರ್ಣ ಹಾಳೆಯ ಚಿತ್ರಗಳು ಗುಲ್ಡನ್ನಿಗೆ 8, ಅರ್ಧ ಹಾಳೆಯವು 20, ಕಾಲು ಹಾಳೆಯವು 45. ಪುಸ್ತಕರೂಪದ ‘ಚಿಕ್ಕ ಪ್ಯಾಷನ್’ ಚಿತ್ರಮಾಲೆಯ 16 ಪ್ರತಿಗಳಿಗೆ 4 ಗುಲ್ಡನ್. ಬೆಲೆ ಚಿತ್ರದ ವಿಷಯದ ಮೇಲಲ್ಲ, ಹಾಳೆಯ ಅಳತೆಯ ಮೇಲೆ ನಿಂತಿದೆ. ಆದ್ದರಿಂದ ಚೌಕಾಶಿಗೆ ಎಡೆ ಕಡಿಮೆ, ಲೆಕ್ಕಕ್ಕೆ ಸುಲಭ. ಸಿರಿವಂತನಿಗೆ ಸಂಪುಟವಿದೆ, ಸಾಮಾನ್ಯ ಗೃಹಸ್ಥನಿಗೆ ಕಾಲು ಹಾಳೆಯಿದೆ. ಇಬ್ಬರೂ ಒಯ್ಯುವುದು ಅದೇ ಕೈಯ ಕೆಲಸವನ್ನು. ಮಳಿಗೆಯ ಯಶಸ್ಸಿಗೆ ಇದಕ್ಕಿಂತ ದೊಡ್ಡ ಗುಟ್ಟು ಇಂದಿಗೂ ಇಲ್ಲವೆಂದು ನಮ್ಮ ಭಾವನೆ.

ಎರಡನೆಯ ಗುಟ್ಟು ಗುರುತು. ಪ್ರತಿ ಹಾಳೆಯ ಮೇಲೂ ‘ಎ’ ಅಕ್ಷರದ ಕಾಲುಗಳ ನಡುವೆ ‘ಡಿ’ ಅಕ್ಷರವನ್ನು ಕೂಡಿಸಿದ ಮುದ್ರೆಯಿತ್ತು. ಓದು ಬಾರದವರೂ ಅದನ್ನು ನೋಡಿ ಸರಕನ್ನು ಗುರುತಿಸಬಲ್ಲವರಾಗಿದ್ದರು. ಅದು ಎಷ್ಟು ಬೆಲೆಬಾಳುತ್ತಿತ್ತೆಂದರೆ ಕಳ್ಳಮಾಲು ಹುಟ್ಟಿಕೊಂಡಿತು. ನ್ಯೂರೆಂಬರ್ಗಿನ ಪುರಭವನದ ಬಳಿ ಹೊರಗಿನವನೊಬ್ಬನು ಡ್ಯೂರರನ ಮುದ್ರೆಯನ್ನು ಮೋಸದಿಂದ ಹಾಕಿಕೊಂಡು ಚಿತ್ರಗಳನ್ನು ಮಾರುತ್ತಿದ್ದಾಗ, ಆ ಗುರುತನ್ನು ಅಳಿಸಬೇಕು, ಇಲ್ಲವಾದರೆ ಸರಕು ಮುಟ್ಟುಗೋಲು ಎಂದು ನಗರಸಭೆ 1512ರಲ್ಲಿ ತೀರ್ಮಾನಿಸಿತು.

ಇಷ್ಟೆಲ್ಲ ದುಡಿದ ಆಗ್ನೆಸ್‌ಗೆ ದೊರೆತ ಕೀರ್ತಿಯೇನು? ಡ್ಯೂರರ್ 1528ರ ಏಪ್ರಿಲ್ 6ರಂದು ತೀರಿಕೊಂಡನು. ಎರಡು ವರ್ಷಗಳ ತರುವಾಯ ಪಿರ್ಕ್‌ಹೈಮರ್ ಒಂದು ಪತ್ರದಲ್ಲಿ, ಹಣದಾಸೆಯ ಹೆಂಡತಿ ಹಗಲಿರುಳು ದುಡಿಸಿ, ಪೀಡಿಸಿ ತನ್ನ ಗೆಳೆಯನನ್ನು ಸಾವಿಗೆ ದೂಡಿದಳೆಂದು ಆಪಾದಿಸಿದನು. ಆ ಮಾತು ಶತಮಾನಗಳವರೆಗೆ ಪುಸ್ತಕದಿಂದ ಪುಸ್ತಕಕ್ಕೆ ಹರಿದು, ಆಗ್ನೆಸ್ ಎಂದರೆ ಗಯ್ಯಾಳಿ ಎಂಬ ಚಿತ್ರ ನೆಲೆಗೊಂಡಿತು. ಅದೇ ಪತ್ರದಲ್ಲಿ ಇನ್ನೊಂದು ದೂರೂ ಇದೆ. ಡ್ಯೂರರನ ಬಳಿಯಿದ್ದ ಒಂದು ಚೆಂದದ ಜಿಂಕೆಕೊಂಬಿನ ಜೋಡಿಯ ಮೇಲೆ ಪಿರ್ಕ್‌ಹೈಮರನಿಗೆ ಕಣ್ಣಿತ್ತು. ಆಗ್ನೆಸ್ ಅದನ್ನು ಅವನಿಗೆ ಕೊಡದೆ ಬೇರೆಯವರಿಗೆ ಅಗ್ಗವಾಗಿ ಕೊಟ್ಟುಬಿಟ್ಟಿದ್ದಳು. ಆಪಾದನೆಯನ್ನು ಓದುವವರು ಈ ಕೊಂಬನ್ನೂ ನೆನಪಿನಲ್ಲಿಡಬೇಕು.

ವೈದ್ಯವೃತ್ತಿಯ ನಮಗೆ ಇಲ್ಲಿ ಇನ್ನೊಂದು ಮಾತು ಹೇಳುವುದಿದೆ. 1520ರ ಚಳಿಗಾಲದಲ್ಲಿ ದಡಕ್ಕೆ ಬಿದ್ದ ತಿಮಿಂಗಿಲವೊಂದನ್ನು ನೋಡಲೆಂದು ಡ್ಯೂರರ್ ಜೌಗುನೆಲದ ಝೀಲ್ಯಾಂಡ್ ಪ್ರಾಂತಕ್ಕೆ ಹೋಗಿದ್ದನು. ಮರುವರ್ಷದ ವಸಂತದಲ್ಲಿ ತನಗೆ ತೀವ್ರ ಜ್ವರ, ನಿಶ್ಶಕ್ತಿ, ಓಕರಿಕೆ, ತಲೆನೋವು ಬಂದುದನ್ನೂ, ಝೀಲ್ಯಾಂಡಿನಲ್ಲಿದ್ದಾಗಲೇ ಹಿಂದೆಂದೂ ಕೇಳರಿಯದ ಬೇನೆ ಹಿಡಿದಿದ್ದುದನ್ನೂ ದಿನಚರಿಯಲ್ಲಿ ಬರೆದಿದ್ದಾನೆ. ವೈದ್ಯರಿಗೆ ಕೊಟ್ಟ ಹಣದ ಲೆಕ್ಕವೂ ಅಲ್ಲಿದೆ. ಬರಿಮೈಯಲ್ಲಿ ನಿಂತು, ಎಡಪಕ್ಕೆಯ ಕೆಳಗಿನ ಹಳದಿ ಗುರುತನ್ನು ಬೆರಳಿನಿಂದ ತೋರಿಸಿ, ನೋವಿರುವುದು ಇಲ್ಲಿಯೇ ಎಂದು ತಿಳಿಸುವ ಅವನ ಒಂದು ಚಿತ್ರವೂ ಉಳಿದಿದೆ, ಗುಲ್ಮವಿರುವ ಜಾಗವದು. 500 ವರ್ಷಗಳ ಹಿಂದಿನ ರೋಗಿಗೆ ಇಂದು ರೋಗದ ಹೆಸರಿಡುವುದು ವೈದ್ಯಧರ್ಮವಲ್ಲ. ಆದರೆ ಸಾಯುವ ಏಳು ವರ್ಷ ಮೊದಲೇ ತನ್ನ ಕಾಯಿಲೆಯನ್ನು ತಾನೇ ಬರೆದಿಟ್ಟ ಮನುಷ್ಯನ ಸಾವಿಗೆ ಹೆಂಡತಿಯ ನಾಲಗೆಯೇ ಕಾರಣವೆಂದರೆ ಅದನ್ನು ಯಾವ ವೈದ್ಯನೂ ಒಪ್ಪಲಾರನು.

ವಿಧವೆಯಾದ ಆಗ್ನೆಸ್ ಮಾಡಿದ್ದೇನೆಂಬುದನ್ನೂ ದಾಖಲೆಗಳು ಹೇಳುತ್ತವೆ. ಮಾನವದೇಹದ ಪ್ರಮಾಣಗಳನ್ನು ಕುರಿತು ಡ್ಯೂರರ್ ಬರೆದ ನಾಲ್ಕು ಭಾಗಗಳ ಗ್ರಂಥ 1528ರಲ್ಲಿಯೇ ಹೊರಬಂದಿತು. ಮುದ್ರಣದ ವೆಚ್ಚ ಭರಿಸಿದವಳು ಅವನ ವಿಧವೆಯೆಂದು ಗ್ರಂಥದ ಕೊನೆಯಲ್ಲಿ ಅಚ್ಚಾಗಿದೆ. ಅದೇ ವಿಷಯದ ಮೇಲೆ ಬೇರೆಯವರು ಅವಸರದಿಂದ ಪುಸ್ತಕ ಹೊರಡಿಸಲು ಯತ್ನಿಸಿದಾಗ, ಡ್ಯೂರರನ ಗ್ರಂಥ ಪ್ರಕಟವಾಗುವವರೆಗೆ ನಗರಸಭೆ ಅದನ್ನು ತಡೆಹಿಡಿಯಿತು. ಗಂಡ ಬಿಟ್ಟುಹೋದ ಆಸ್ತಿಯ ಮೌಲ್ಯ 6,800 ಗುಲ್ಡನ್‌ಗಳಿಗೂ ಹೆಚ್ಚು. ಹಣದಾಸೆಯವಳೆಂದು ಹಳಿಸಿಕೊಂಡ ಆಕೆ ಅದರ ಒಂದು ಪಾಲನ್ನು ವಿಟ್ಟೆನ್‌ಬರ್ಗ್ ವಿಶ್ವವಿದ್ಯಾಲಯದ ವಿದ್ಯಾರ್ಥಿವೇತನಕ್ಕೆ ಮೀಸಲಿಟ್ಟಳು. 1539ರಲ್ಲಿ ಆಕೆ ತೀರಿಕೊಂಡಳು. ನ್ಯೂರೆಂಬರ್ಗಿನ ಕೋಟೆಯ ಕೆಳಗಿನ ಡ್ಯೂರರ್ ಭವನದಲ್ಲಿ ಇಂದು ಆಗ್ನೆಸ್‌ಳ ವೇಷ ತೊಟ್ಟವರು ಪ್ರವಾಸಿಗರಿಗೆ ಮನೆಯನ್ನು ತೋರಿಸುತ್ತಾರೆ. ಗಯ್ಯಾಳಿಯೆಂದು ಹೆಸರಾದವಳು ಮನೆಯೊಡತಿಯಾಗಿ ಮರಳಿದ್ದಾಳೆ. ಮಕ್ಕಳೊಡನೆ ಆ ಊರಿಗೆ ಹೋಗುವ ಸದಸ್ಯರು ಅವಳ ಮಾತನ್ನು ಕೇಳಿ ಬರಬೇಕೆಂದು ನಮ್ಮ ಶಿಫಾರಸು.

ಬೇಸಿಗೆಯ ಊರಹಬ್ಬಗಳಲ್ಲಿ ನಮ್ಮ ಕನ್ನಡ ಬಂಧುಗಳೂ ಮಳಿಗೆ ಹಾಕುತ್ತಾರೆ. ಚನ್ನಪಟ್ಟಣದ ಬೊಂಬೆ, ಕಸೂತಿಯ ಬಟ್ಟೆ, ಮಕ್ಕಳು ಬರೆದ ಚಿತ್ರಗಳು ಅಲ್ಲಿ ಮೇಜಿನ ಮೇಲೆ ಕುಳಿತಿರುತ್ತವೆ. ಡ್ಯೂರರ್ ಮನೆಯವರ ಲೆಕ್ಕದಿಂದ ಅಲ್ಲಿಗೆ ಒಯ್ಯಬಹುದಾದ ಪಾಠಗಳು ಸ್ಪಷ್ಟವಾಗಿವೆ: ಎಲ್ಲ ಜೇಬಿಗೂ ಒಪ್ಪುವ ಒಂದೊಂದು ವಸ್ತುವಿರಲಿ, ಬೆಲೆ ಒಂದೇ ನಿಯಮಕ್ಕೆ ನಿಲ್ಲಲಿ, ಮಾಡಿದವರ ಗುರುತು ವಸ್ತುವಿನ ಮೇಲಿರಲಿ, ದಿನದ ಲೆಕ್ಕ ಆಯಾ ದಿನವೇ ಬರೆಯಲ್ಪಡಲಿ. ಇವುಗಳ ಜೊತೆಗೆ ಇನ್ನೊಂದನ್ನು ಸೇರಿಸಲು ನಾವು ಬಯಸುತ್ತೇವೆ. ಈ ವರ್ಷದ ಮಳಿಗೆಯ ವರದಿಯಲ್ಲಿ ಬೊಂಬೆ ಕಡೆದವರ, ಬಟ್ಟೆ ಹೆಣೆದವರ ಹೆಸರಿನ ಕೆಳಗೆ, ಬೆಳಗಿನಿಂದ ಸಂಜೆಯವರೆಗೆ ಮೇಜಿನ ಹಿಂದೆ ನಿಂತವರ ಹೆಸರುಗಳೂ ಅಚ್ಚಾಗಲಿ. ಪರದೇಶದಿಂದ ಗಂಡ ಬರೆದ ಒಂದು ಸಾಲಿನ ಲೆಕ್ಕವಿಲ್ಲದಿದ್ದರೆ, ಆಗ್ನೆಸ್ ಫ್ರಾಂಕ್‌ಫರ್ಟಿನಲ್ಲಿ ಪಡೆದ 13 ಗುಲ್ಡನ್‌ಗಳ ಸುದ್ದಿ ನಮ್ಮವರೆಗೆ ತಲುಪುತ್ತಿರಲಿಲ್ಲ.