ಫೇಸ್‌ಲಿಫ್ಟ್ ಶಸ್ತ್ರಚಿಕಿತ್ಸೆ: ಮಾಡಿಸಿಕೊಳ್ಳುವ ಮುನ್ನ ತಿಳಿದಿರಬೇಕಾದದ್ದು

ಜೋತುಬಿದ್ದ ಕೆನ್ನೆ, ದವಡೆಯ ಅಂಚಿನಲ್ಲಿ ಇಳಿಬಿದ್ದ ಮಾಂಸ, ಸಡಿಲಗೊಂಡ ಕುತ್ತಿಗೆಯ ಚರ್ಮ ಇವುಗಳನ್ನು ಬಿಗಿಗೊಳಿಸುವ ಶಸ್ತ್ರಚಿಕಿತ್ಸೆಗೆ ಫೇಸ್‌ಲಿಫ್ಟ್ ಎಂದು ಹೆಸರು. ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆಯಂತಹ ಹಳೆಯ ಬಡಾವಣೆಗಳಲ್ಲೂ ಇಂದು ಚರ್ಮ ಹಾಗೂ ಸೌಂದರ್ಯ ಚಿಕಿತ್ಸೆಯ ಫಲಕಗಳು ಸಾಮಾನ್ಯ. ಆದರೆ ಫೇಸ್‌ಲಿಫ್ಟನ್ನು ಪಾರ್ಲರ್‌ನ ಫೇಶಿಯಲ್‌ನ ಮುಂದುವರಿದ ರೂಪವೆಂದು ತಿಳಿಯುವುದು ತಪ್ಪು.

2022ರ ಮೇ ತಿಂಗಳಲ್ಲಿ ಬೆಂಗಳೂರಿನ ಖಾಸಗಿ ಆಸ್ಪತ್ರೆಯೊಂದರಲ್ಲಿ ಕೊಬ್ಬು ತೆಗೆಸುವ ಶಸ್ತ್ರಚಿಕಿತ್ಸೆಗೆ ಒಳಗಾಗಿದ್ದ 21 ವರ್ಷದ ಕಿರುತೆರೆ ನಟಿಯೊಬ್ಬರು ಮೃತಪಟ್ಟರು. ಅದು ಫೇಸ್‌ಲಿಫ್ಟ್ ಆಗಿರಲಿಲ್ಲ. ಆದರೂ ಸೌಂದರ್ಯಕ್ಕಾಗಿ ಮಾಡಿಸಿಕೊಳ್ಳುವ ಶಸ್ತ್ರಚಿಕಿತ್ಸೆಯೂ ಅಪಾಯದಿಂದ ಹೊರತಲ್ಲ ಎಂಬುದನ್ನು ಆ ಘಟನೆ ನೆನಪಿಸಿತು.

ಎರಡು ಬಗೆ

ಪ್ಲಾಸ್ಟಿಕ್ ಸರ್ಜರಿ ಅಥವಾ ಸುರೂಪಿಕಾ ಚಿಕಿತ್ಸೆಯಲ್ಲಿ ಎರಡು ಬಗೆ. ಸುಟ್ಟಗಾಯ, ಅಪಘಾತ, ಸೀಳುತುಟಿ ಮೊದಲಾದವನ್ನು ಸರಿಪಡಿಸುವುದು ಪುನರ್ರಚನೆ. 1900ರಲ್ಲಿ ಆರಂಭವಾದ ವಿಕ್ಟೋರಿಯಾ ಆಸ್ಪತ್ರೆಯಂತಹ ಸರ್ಕಾರಿ ಆಸ್ಪತ್ರೆಗಳಲ್ಲಿ ನಡೆಯುವುದು ಮುಖ್ಯವಾಗಿ ಈ ಬಗೆಯದು. ಫೇಸ್‌ಲಿಫ್ಟ್ ಎರಡನೆಯ ಬಗೆಗೆ, ಅಂದರೆ ಸೌಂದರ್ಯ ಚಿಕಿತ್ಸೆಗೆ ಸೇರುತ್ತದೆ. ಆದ್ದರಿಂದ ಸಾಮಾನ್ಯ ಆರೋಗ್ಯ ವಿಮೆ ಇದರ ವೆಚ್ಚ ಭರಿಸುವುದಿಲ್ಲ; ವೈದ್ಯಕೀಯ ಸೇವೆಗಳಿಗೆ ಇರುವ ಜಿಎಸ್‌ಟಿ ವಿನಾಯಿತಿಯೂ ದೊರೆಯುವುದಿಲ್ಲ.

ನಡೆಯುವುದು ಹೇಗೆ?

ಕಪೋಲದ ಕೂದಲಂಚಿನಿಂದ ಆರಂಭಿಸಿ, ಕಿವಿಯ ಮುಂಭಾಗದಲ್ಲಿ ಇಳಿದು, ಕಿವಿಹಾಲೆಯನ್ನು ಸುತ್ತಿ ಹಿಂಬದಿಯ ಕೂದಲಿನವರೆಗೆ ಛೇದನ ಮಾಡಲಾಗುತ್ತದೆ. ಹಿಂದೆ ಚರ್ಮವನ್ನಷ್ಟೇ ಎಳೆದು ಹೊಲಿಯಲಾಗುತ್ತಿತ್ತು. ಅದರ ಪರಿಣಾಮ ಬೇಗ ಕುಂದುತ್ತಿತ್ತು. ಚರ್ಮದಡಿಯ ಸ್ನಾಯುಪೊರೆಯ ವಿವರಣೆ 1976ರಲ್ಲಿ ಪ್ರಕಟವಾದ ಬಳಿಕ ಆ ಪೊರೆಯನ್ನೇ ಬಿಗಿಗೊಳಿಸುವ ವಿಧಾನ ವ್ಯಾಪಕವಾಯಿತು. ಪೂರ್ಣ ಅರಿವಳಿಕೆ, ಇಲ್ಲವೇ ಮಂಪರಿನೊಂದಿಗೆ ಸ್ಥಳೀಯ ಅರಿವಳಿಕೆ ನೀಡಿ ಮಾಡುವ ಈ ಶಸ್ತ್ರಚಿಕಿತ್ಸೆಗೆ ಹಲವು ಗಂಟೆಗಳು ಹಿಡಿಯುತ್ತವೆ.

ಹಣೆಯ ಗೆರೆ, ರೆಪ್ಪೆಯ ಊತ, ತುಟಿಯ ಸುತ್ತಲ ಸಣ್ಣ ಸುಕ್ಕು, ಬಂಗು ಮೊದಲಾದವು ಇದರಿಂದ ಹೋಗುವುದಿಲ್ಲ. ವಯಸ್ಸಾಗುವುದು ನಿಲ್ಲುವುದೂ ಇಲ್ಲ. ಪರಿಣಾಮ ಸುಮಾರು ಏಳರಿಂದ ಹತ್ತು ವರ್ಷ ಉಳಿಯಬಹುದು. ಬೊಟಾಕ್ಸ್, ಫಿಲ್ಲರ್ ಚುಚ್ಚುಮದ್ದುಗಳು ಬೇರೆಯೇ ಚಿಕಿತ್ಸೆಗಳು.

ಮುನ್ನೆಚ್ಚರಿಕೆ

ಧೂಮಪಾನಿಗಳಲ್ಲಿ ಚರ್ಮಕ್ಕೆ ರಕ್ತ ಸರಿಯಾಗಿ ಹರಿಯದೆ ಛೇದನದ ಅಂಚು ಕೊಳೆಯುವ ಸಂಭವ ಹೆಚ್ಚು. ಆದ್ದರಿಂದ ಕನಿಷ್ಠ ನಾಲ್ಕು ವಾರ ಮೊದಲೇ ತಂಬಾಕನ್ನು ಬಿಡಬೇಕು. ರಕ್ತದೊತ್ತಡ, ಮಧುಮೇಹ ಹತೋಟಿಯಲ್ಲಿರಬೇಕು. ಸೇವಿಸುತ್ತಿರುವ ಎಲ್ಲ ಔಷಧಿಗಳನ್ನೂ, ನಾಟಿ ಮದ್ದನ್ನೂ ಸೇರಿಸಿ, ವೈದ್ಯರಿಗೆ ತಿಳಿಸಬೇಕು. ಹೃದ್ರೋಗಕ್ಕಾಗಿ ಆಸ್ಪಿರಿನ್ ಸೇವಿಸುವವರು ಹೃದ್ರೋಗ ತಜ್ಞರ ಸಲಹೆಯಿಲ್ಲದೆ ಅದನ್ನು ನಿಲ್ಲಿಸಬಾರದು. ಹಿಂದಿನ ಗಾಯಗಳು ಉಬ್ಬಿದ ಕಲೆಯಾಗಿ ಉಳಿದಿದ್ದರೆ ಅದನ್ನೂ ಹೇಳಬೇಕು. ಕಂದು ಮೈಬಣ್ಣದವರಲ್ಲಿ ಈ ಸಂಭವ ಹೆಚ್ಚು.

ಚೇತರಿಕೆ

ಮೊದಲ ಒಂದೆರಡು ದಿನ ಪಟ್ಟಿ, ಕೆಲವೊಮ್ಮೆ ಸಣ್ಣ ನಳಿಕೆ ಇರುತ್ತದೆ. ಬಾವು ಎರಡು ಮೂರನೆಯ ದಿನ ಉಲ್ಬಣಿಸುವುದರಿಂದ ಕನ್ನಡಿ ನೋಡಿ ಗಾಬರಿಗೊಳ್ಳುವವರು ಅನೇಕರು. ತಲೆಯನ್ನು ಎತ್ತರದಲ್ಲಿಟ್ಟು ಮಲಗಬೇಕು. ಹೊಲಿಗೆಗಳನ್ನು ಐದರಿಂದ ಹತ್ತು ದಿನಗಳಲ್ಲಿ ತೆಗೆಯಲಾಗುತ್ತದೆ. ಕಚೇರಿಗೆ ಮರಳಲು ಎರಡರಿಂದ ಮೂರು ವಾರ, ಭಾರ ಎತ್ತಲು ಅಥವಾ ಕಠಿಣ ವ್ಯಾಯಾಮಕ್ಕೆ ನಾಲ್ಕರಿಂದ ಆರು ವಾರ ಬೇಕು. ಭಾರದ ಓಲೆ, ಜುಮುಕಿ ಧರಿಸುವುದಕ್ಕೂ ಕೂದಲಿಗೆ ಬಣ್ಣ ಹಚ್ಚುವುದಕ್ಕೂ ವೈದ್ಯರ ಅನುಮತಿ ಪಡೆಯಬೇಕು. ಗಾಯದ ಗೆರೆ ಮಾಸಲು ಒಂದು ವರ್ಷವೂ ಹಿಡಿಯಬಹುದು. ಮಗಳ ಮದುವೆ, ಷಷ್ಟ್ಯಬ್ದಿಯಂತಹ ಸಮಾರಂಭಕ್ಕಾಗಿ ಮಾಡಿಸಿಕೊಳ್ಳುವವರು ಕನಿಷ್ಠ ಮೂರು ತಿಂಗಳ ಅಂತರ ಇಟ್ಟುಕೊಳ್ಳುವುದು ಒಳಿತು.

ಅಪಾಯಗಳು

ಹೆಚ್ಚಾಗಿ ಕಂಡುಬರುವ ತೊಡಕೆಂದರೆ ಚರ್ಮದಡಿ ರಕ್ತ ಶೇಖರಣೆ. ಇದು ಸಾಮಾನ್ಯವಾಗಿ ಮೊದಲ 24 ಗಂಟೆಗಳಲ್ಲಿ ಸಂಭವಿಸುತ್ತದೆ. ಪುರುಷರಲ್ಲೂ ರಕ್ತದೊತ್ತಡ ಇರುವವರಲ್ಲೂ ಹೆಚ್ಚು. ಮುಖದ ಒಂದೇ ಬದಿಯಲ್ಲಿ ಹಠಾತ್ತನೆ ನೋವು, ಬಿಗಿತ, ಊತ ಕಾಣಿಸಿದರೆ ಬೆಳಗಾಗುವವರೆಗೆ ಕಾಯದೆ ಆಸ್ಪತ್ರೆಗೆ ಧಾವಿಸಬೇಕು. ಕಿವಿಯ ಸುತ್ತ ಜೋಮು ಕೆಲ ತಿಂಗಳು ಇರಬಹುದು. ಮುಖದ ಚಲನೆಯ ನರಕ್ಕೆ ಶಾಶ್ವತ ಹಾನಿಯಾಗುವುದು ವಿರಳ. ಆದರೆ ಅಸಾಧ್ಯವಲ್ಲ.

ಒಪ್ಪಿಗೆಗೆ ಮುನ್ನ ಕೇಳಬೇಕಾದ ಪ್ರಶ್ನೆಗಳು

* ಶಸ್ತ್ರವೈದ್ಯರು ಪ್ಲಾಸ್ಟಿಕ್ ಸರ್ಜರಿಯಲ್ಲಿ ಎಂ.ಸಿಎಚ್. ಅಥವಾ ತತ್ಸಮಾನ ಪದವಿ ಪಡೆದವರೇ? ವೈದ್ಯಕೀಯ ಪರಿಷತ್ತಿನಲ್ಲಿ ಅವರ ನೋಂದಣಿ ಇದೆಯೇ?
* ಅರಿವಳಿಕೆ ತಜ್ಞರು ಕೊನೆಯವರೆಗೂ ಹಾಜರಿರುವರೇ?
* ತುರ್ತು ಸಂದರ್ಭಕ್ಕೆ ತೀವ್ರ ನಿಗಾ ಘಟಕ ಇದೆಯೇ? ರಾತ್ರಿ ಕರೆ ಮಾಡಿದರೆ ಸಿಗುವವರು ಯಾರು?
* ಮತ್ತೊಮ್ಮೆ ಶಸ್ತ್ರಚಿಕಿತ್ಸೆ ಬೇಕಾದರೆ ವೆಚ್ಚ ಯಾರದು?

ಖಾಸಗಿ ವೈದ್ಯಕೀಯ ಸಂಸ್ಥೆಗಳು 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯನ್ವಯ ನೋಂದಣಿ ಪಡೆದು, ದರಪಟ್ಟಿಯನ್ನು ಪ್ರದರ್ಶಿಸಬೇಕು. 2017ರ ತಿದ್ದುಪಡಿಯ ಪ್ರಕಾರ ದೂರುಗಳನ್ನು ಜಿಲ್ಲಾ ನೋಂದಣಿ ಮತ್ತು ಕುಂದುಕೊರತೆ ಪ್ರಾಧಿಕಾರಕ್ಕೆ ಸಲ್ಲಿಸಬಹುದು.

ಫೇಸ್‌ಲಿಫ್ಟ್ ಎಂದೂ ತುರ್ತು ಚಿಕಿತ್ಸೆಯಲ್ಲ. ‘ಇಂದೇ ಮುಂಗಡ ಕಟ್ಟಿದರೆ ರಿಯಾಯಿತಿ’ ಎನ್ನುವಲ್ಲಿಂದ ಎದ್ದು ಬಂದು, ಮತ್ತೊಬ್ಬ ತಜ್ಞರ ಅಭಿಪ್ರಾಯ ಪಡೆದು, ಮನೆಯವರಿಗೂ ತಿಳಿಸಿ ನಿರ್ಧರಿಸುವಷ್ಟು ಕಾಲಾವಕಾಶ ಎಲ್ಲರಿಗೂ ಇದೆ.