ಕಾಂಗೋದಲ್ಲಿ ಶಸ್ತ್ರಚಿಕಿತ್ಸೆ, ಲಂಡನ್ನಿನಿಂದ ಎಸ್ಸೆಮ್ಮೆಸ್

ದೂರದ ತಜ್ಞರ ಸಲಹೆ ಪಡೆದು ರೋಗಿಗೆ ಚಿಕಿತ್ಸೆ ನೀಡುವುದೇ ದೂರವೈದ್ಯ, ಅಂದರೆ ಟೆಲಿಮೆಡಿಸಿನ್. ಇದಕ್ಕೆ ದುಬಾರಿ ಯಂತ್ರೋಪಕರಣ ಅನಿವಾರ್ಯವೆಂಬ ಭಾವನೆ ಬಹುಕಾಲ ಇತ್ತು. ಚಾಮರಾಜನಗರದ ಜಿಲ್ಲಾಸ್ಪತ್ರೆಯನ್ನು ಬೆಂಗಳೂರಿನ ನಾರಾಯಣ ಹೃದಯಾಲಯದೊಡನೆ 2002ರಲ್ಲಿ ಬೆಸೆದದ್ದು ಇಸ್ರೋ ಉಪಗ್ರಹ. ಆದರೆ ಉಪಗ್ರಹ ಸಂಪರ್ಕವಾಗಲಿ, ಕ್ಯಾಮೆರಾವಾಗಲಿ ಇಲ್ಲದೆ, ಬರಿಯ ಎಸ್ಸೆಮ್ಮೆಸ್‌ನಿಂದಲೂ ಜೀವ ಉಳಿಸಬಹುದೆಂಬುದು 2008ರ ಅಕ್ಟೋಬರಿನಲ್ಲಿ ಆಫ್ರಿಕಾದ ಕಾಂಗೋ ಪ್ರಜಾಸತ್ತಾತ್ಮಕ ಗಣರಾಜ್ಯದಲ್ಲಿ ಸಿದ್ಧವಾಯಿತು.

ಪೂರ್ವ ಕಾಂಗೋದ ರುತ್ಶುರು ಆಗ ಅಂತರ್ಯುದ್ಧದ ನಡುವೆ ಸಿಲುಕಿದ್ದ ಪಟ್ಟಣ. ಗಡಿಗಳ ಹಂಗಿಲ್ಲದ ವೈದ್ಯರ ಸಂಘಟನೆಯಾದ ಎಂಎಸ್ಎಫ್ ಪರವಾಗಿ ಅಲ್ಲಿ ದುಡಿಯುತ್ತಿದ್ದವರು ಲಂಡನ್ನಿನ ರಕ್ತನಾಳ ಶಸ್ತ್ರಚಿಕಿತ್ಸಕ ಡೇವಿಡ್ ನಾಟ್. ಅವರ ಮುಂದೆ 16 ವರ್ಷದ ಬಾಲಕನಿದ್ದ. ಎಡಗೈ ಕಿತ್ತುಹೋಗಿ ಆರು ಅಂಗುಲದಷ್ಟು ಮಾತ್ರ ಉಳಿದಿತ್ತು, ಅದೂ ಕೊಳೆಯತೊಡಗಿತ್ತು. ನೀರಾನೆ ಕಚ್ಚಿತೆಂದು ಕೆಲವರು, ಗುಂಡಿನ ಚಕಮಕಿಯಲ್ಲಿ ಹೋಯಿತೆಂದು ಕೆಲವರು ಹೇಳಿದರು. ಹೀಗೇ ಬಿಟ್ಟರೆ ಎರಡು ಮೂರು ದಿನಗಳಲ್ಲಿ ಸಾವು ಖಚಿತ.

ಉಳಿದಿದ್ದ ದಾರಿ ಒಂದೇ: ಕೊರಳೆಲುಬು ಮತ್ತು ಹೆಗಲ ಹಲಗೆಯ ಸಮೇತ ತೋಳನ್ನೇ ತೆಗೆಯುವುದು. ಕೈಗೆ ರಕ್ತ ಹರಿಸುವ ಹೆದ್ದಾರಿಯಂಥ ನಾಳಗಳು ಕೊರಳೆಲುಬಿನ ಹಿಂದೆಯೇ ಇವೆ. ಅಲ್ಲಿ ಚಾಕು ತಪ್ಪಿದರೆ ರಕ್ತಸ್ರಾವ ತಡೆಯುವುದು ಕಷ್ಟ. ಆಸ್ಪತ್ರೆಯಲ್ಲಿದ್ದುದು ಒಂದೇ ಪೈಂಟ್ ರಕ್ತ. ತೀವ್ರ ನಿಗಾ ಘಟಕವಂತೂ ಇರಲಿಲ್ಲ. ಈ ಶಸ್ತ್ರಚಿಕಿತ್ಸೆಯನ್ನು ನಾಟ್ ಹಿಂದೆಂದೂ ಮಾಡಿದವರಲ್ಲ. ಬದುಕಿದರೂ ಯುದ್ಧಭೂಮಿಯಲ್ಲಿ ಒಂಟಿಗೈಯ ಬಾಲಕನ ಪಾಡೇನೆಂಬ ಪ್ರಶ್ನೆಯೂ ಅವರನ್ನು ಕಾಡಿತು.

ಲಂಡನ್ನಿನ ರಾಯಲ್ ಮಾರ್ಸ್‌ಡೆನ್ ಆಸ್ಪತ್ರೆಯ ಮೇರಿಯನ್ ಥಾಮಸ್ ಅವರಿಗೆ ಈ ವಿದ್ಯೆ ಕರಗತ. ನಾಟ್ ಅವರಿಗೆ ಎಸ್ಸೆಮ್ಮೆಸ್ ಕಳುಹಿಸಿದರು. ಹಂತ ಹಂತವಾಗಿ ಉತ್ತರ ಬಂತು: ಮೊದಲು ಕೊರಳೆಲುಬಿನ ನಡುಭಾಗ ತೆಗೆಯಬೇಕು, ಬಳಿಕ ನಾಳಗಳನ್ನು ಹತೋಟಿಗೆ ತಂದು ಕತ್ತರಿಸಬೇಕು, ಆಮೇಲೆ ನರಗಳು, ಕೊನೆಗೆ ಹೆಗಲ ಹಲಗೆಯ ಸ್ನಾಯುಗಳು. ಬಾಲಕ ಬದುಕಿದ, ಚೇತರಿಸಿಕೊಂಡ.

ಇಲ್ಲಿ ಮೊಬೈಲನ್ನೇ ಹೊಗಳಿ ಸುಮ್ಮನಾಗುವಂತಿಲ್ಲ. ಸಂಕ್ಷಿಪ್ತ ಪದಗಳ ಆ ಸಂದೇಶ ಅನನುಭವಿಯ ಕೈಗೆ ಸಿಕ್ಕಿದ್ದರೆ ಬಾಲಕ ಉಳಿಯುತ್ತಿರಲಿಲ್ಲ. ರಕ್ತನಾಳ ಕಟ್ಟುವುದು ನಾಟ್ ಅವರ ನಿತ್ಯದ ಕೆಲಸ. ಇಬ್ಬರೂ ಅನೇಕ ಬಾರಿ ಜೊತೆಯಾಗಿ ಶಸ್ತ್ರಚಿಕಿತ್ಸೆ ಮಾಡಿದ್ದರಿಂದ ಬರೆಯದೆ ಬಿಟ್ಟ ಮಾತೂ ಅವರಿಗೆ ಅರ್ಥವಾಯಿತು.

ಮುಂದೆ ಇಂಥ ಸಲಹೆಗೆ ವಾಟ್ಸಾಪ್, ಸ್ಕೈಪ್ ಬಳಕೆಯಾದವು. 2016ರಲ್ಲಿ ಸಿರಿಯಾದ ಅಲೆಪ್ಪೋದಲ್ಲಿ ನಡೆದ ದವಡೆಯ ಶಸ್ತ್ರಚಿಕಿತ್ಸೆಗೆ ನಾಟ್ ಲಂಡನ್ನಿನಲ್ಲಿ ಕುಳಿತೇ ಮಾರ್ಗದರ್ಶನ ಮಾಡಿದರು. ಕೆಲವೇ ವಾರಗಳಲ್ಲಿ ಆ ಆಸ್ಪತ್ರೆಯ ಮೇಲೆ ಬಾಂಬ್ ಬಿತ್ತು. ಈ ಸಂಪರ್ಕದ ಜಾಡು ಹಿಡಿದೇ ಅದರ ನೆಲೆ ಪತ್ತೆಯಾಯಿತೇ ಎಂಬ ಶಂಕೆಯನ್ನು ಅವರು 2018ರಲ್ಲಿ ವ್ಯಕ್ತಪಡಿಸಿದರು.

ಭಾರತದಲ್ಲಿ 2020ರ ಮಾರ್ಚ್‌ನಲ್ಲಿ ಪ್ರಕಟವಾದ ಟೆಲಿಮೆಡಿಸಿನ್ ಮಾರ್ಗಸೂಚಿ ವೈದ್ಯರ ನಡುವಣ ಇಂಥ ಸಮಾಲೋಚನೆಗೆ ಅವಕಾಶ ನೀಡಿದೆ, ಸಂದೇಶದ ಮೂಲಕವೂ. ಸಲಹೆ ಯಾರದ್ದೇ ಆಗಿರಲಿ, ಚಿಕಿತ್ಸೆಯ ಹೊಣೆ ಅದನ್ನು ಕೇಳಿದ ವೈದ್ಯರದ್ದೇ.