ವೈದ್ಯರು ಶೇ. 65 ಎಂದು ಬರೆದರೆ ಪರಿಹಾರವೂ ಶೇ. 65 ಮಾತ್ರವೇ?

ಕೆಲಸದ ವೇಳೆ ಅಪಘಾತವಾಗಿ ಕೈಕಾಲು ಹೋದರೆ, ವೈದ್ಯರ ಸರ್ಟಿಫಿಕೇಟ್‌ನಲ್ಲಿ ಎಷ್ಟು ಶೇಕಡಾ ಇದೆಯೋ ಅಷ್ಟೇ ಪರಿಹಾರ, ಕೋರ್ಟ್‌ಗೆ ಹೋದರೂ ಅದು ಬದಲಾಗದು ಎಂಬ ಮಾತು ಚಾಲಕರ ನಡುವೆ ಸಾಮಾನ್ಯ. ಶಿವಮೊಗ್ಗದಿಂದ ತ್ಯಾವರೆಕೊಪ್ಪ ದಾಟಿ ಸಾಗರದ ಕಡೆ ದಿನವೂ ಲಾರಿ ಓಡಿಸುವವರಿಗೆ ಇದು ಸಣ್ಣ ವಿಷಯವಲ್ಲ. ಆದರೆ ಈ ಮಾತು ತಪ್ಪು.

ನಮ್ಮ ರಾಜ್ಯದ ಪ್ರಕರಣವನ್ನೇ ನೋಡೋಣ. 1999ರಲ್ಲಿ ಟ್ಯಾಂಕರ್ ಚಾಲಕರೊಬ್ಬರು ಅಪಘಾತದಲ್ಲಿ ಬಲಗಾಲನ್ನು ಮಂಡಿಯವರೆಗೆ ಕಳೆದುಕೊಂಡರು. ಪರಿಹಾರ ಆಯುಕ್ತರು ಅವರ ನಷ್ಟ ಶೇ. 100 ಎಂದರು. ವಿಮಾ ಕಂಪನಿ ಮೇಲ್ಮನವಿ ಹಾಕಿತು. ವೈದ್ಯರು ಹೇಳಿದ್ದು ಶೇ. 65 ಎಂದು ಹೈಕೋರ್ಟ್ ಪರಿಹಾರವನ್ನು ಅಷ್ಟಕ್ಕೇ ಇಳಿಸಿತು. 2008ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದುಮಾಡಿ ಶೇ. 100 ಎಂದೇ ಎತ್ತಿಹಿಡಿಯಿತು.

ಕಾರಣ ಸರಳ. ವೈದ್ಯರು ಅಳೆಯುವುದು ದೇಹಕ್ಕಾದ ಹಾನಿಯನ್ನು, ಕಾನೂನು ಕೇಳುವುದು ದುಡಿಮೆಗಾದ ಹಾನಿಯನ್ನು. ಅಪಘಾತದ ವೇಳೆಗೆ ಆತ ಮಾಡಬಲ್ಲವನಾಗಿದ್ದ ಕೆಲಸವನ್ನು ಇನ್ನು ಮಾಡಲಾಗದಿದ್ದರೆ ಅದು ಪೂರ್ಣ ಅಸಾಮರ್ಥ್ಯ. ಬಲಗಾಲಿಲ್ಲದೆ ಟ್ಯಾಂಕರ್ ಓಡಿಸುವುದು ಹೇಗೆ? 1975ರಲ್ಲೇ, ಎಡಗೈ ಕಳೆದುಕೊಂಡ ಬಡಗಿಯೊಬ್ಬರ ಪ್ರಕರಣದಲ್ಲಿ ಇದೇ ಕೋರ್ಟ್ ಹೀಗೆ ಹೇಳಿತ್ತು.

ಹಾಗಂತ ಎಲ್ಲರಿಗೂ ಶೇ. 100 ಸಿಗುತ್ತದೆ ಎಂದು ಫಾರ್ವರ್ಡ್ ಮಾಡಬೇಡಿ. ಎಡಗೈ ಹೋದರೆ ಚಾಲಕನ ದುಡಿಮೆಯೇ ನಿಲ್ಲಬಹುದು, ಸರ್ಕಾರಿ ಗುಮಾಸ್ತನ ಕೆಲಸ ಹೋಗಬೇಕೆಂದಿಲ್ಲ ಎಂದು 2010ರ ತೀರ್ಪೊಂದು ಬಿಡಿಸಿ ಹೇಳಿದೆ.

ವ್ಯತ್ಯಾಸ ಎಷ್ಟು? ಸೂತ್ರ ಹೀಗಿದೆ: ತಿಂಗಳ ವೇತನದ ಶೇ. 60ನ್ನು ವಯಸ್ಸಿನ ಗುಣಕದಿಂದ ಗುಣಿಸಬೇಕು. 30 ವರ್ಷದವರಿಗೆ ಗುಣಕ 207.98. ವೇತನ 15,000 ರೂ. ಎಂದು ಹಿಡಿದರೆ ಪೂರ್ಣ ಪರಿಹಾರ 18,71,820 ರೂ., ಶೇ. 65 ಆದರೆ 12,16,683 ರೂ. ಆರೂವರೆ ಲಕ್ಷಕ್ಕೂ ಹೆಚ್ಚು ವ್ಯತ್ಯಾಸ!

ಇಲ್ಲಿ ಬಹಳ ಜನ ಎಡವುವುದು ಸಾಕ್ಷ್ಯದ ವಿಷಯದಲ್ಲಿ. ಹೈಕೋರ್ಟ್ ಮತ್ತೆ ಗಾಯ ಪರೀಕ್ಷಿಸುವುದಿಲ್ಲ. ಮಹತ್ವದ ಕಾನೂನು ಪ್ರಶ್ನೆ ಇದ್ದರೆ ಮಾತ್ರ ಮೇಲ್ಮನವಿಗೆ ಅವಕಾಶ, ಅದೂ 60 ದಿನಗಳೊಳಗೆ. ಹಾಗಾಗಿ ಲೈಸೆನ್ಸ್, ವೇತನದ ದಾಖಲೆ, ಆಸ್ಪತ್ರೆ ಕಾಗದ, ವೈದ್ಯರ ಸಾಕ್ಷ್ಯ ಎಲ್ಲವೂ ಆಯುಕ್ತರ ಮುಂದೆಯೇ ಬರಬೇಕು. ಏನು ಕೆಲಸ ಮಾಡುತ್ತಿದ್ದೆ, ಈಗ ಯಾಕೆ ಆಗುತ್ತಿಲ್ಲ ಎಂಬುದೂ ಅಲ್ಲೇ ದಾಖಲಾಗಬೇಕು. ಅಪಘಾತವಾದ ಎರಡು ವರ್ಷದೊಳಗೆ ಅರ್ಜಿ ಹಾಕಿ. ತಡವಾದರೆ ಸೂಕ್ತ ಕಾರಣ ತೋರಿಸಬೇಕಾಗುತ್ತದೆ.

ಭದ್ರಾವತಿಯಂಥ ಕಡೆ ಕಾರ್ಖಾನೆಗಳಲ್ಲಿ ಇಎಸ್‌ಐ ಇರುವವರ ದಾರಿ ಬೇರೆ: ಅವರು ಮೊದಲು ವೈದ್ಯಕೀಯ ಮಂಡಳಿಯ ಮುಂದೆ ಹೋಗಬೇಕು, ಅದರ ನಿರ್ಧಾರ ಒಪ್ಪಿಗೆಯಾಗದಿದ್ದರೆ ಇಎಸ್‌ಐ ನ್ಯಾಯಾಲಯವಿದೆ.